ಹಸಿರು ಬಳಿದ ಮಾತ್ರಕ್ಕೆ ಮಿಲಿಟರಿ ಜೀಪಲ್ಲ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಹಳೇ ಜೀಪು ಮಾರುವವರ ಬಾಯಲ್ಲಿ ಒಂದು ಮಾತು ಖಾಯಂ: "ಇದು ಮಿಲಿಟರಿ ಡಿಸ್ಪೋಸಲ್ ಗಾಡಿ ರೀ, ಪತ್ರಾ ಹ್ಯಾಂಗ ಐತಿ ನೋಡ್ರಿ." ಈ ಒಂದು ಮಾತಿಗೆ ಬೆಲೆ ಏರುತ್ತದೆ. ತೋಟಕ್ಕೂ ಸಂತೆಗೂ ಆಗುತ್ತದೆ ಅಂತ ರೈತ ಹಿಂದೆಮುಂದೆ ನೋಡದೆ ದುಡ್ಡು ಎಣಿಸುತ್ತಾನೆ. ಆದರೆ ಮಾರುವವನನ್ನು ನಂಬುವ ಮೊದಲು ಗಾಡಿಯನ್ನೇ ಪರೀಕ್ಷಿಸಬೇಕು.

ಮೊದಲು ಬಣ್ಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ಗಾಡಿ ಬಿಟ್ಟರೆ ಬೇರಾವುದಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ಅಂದರೆ ಕಾಯ್ದೆ ಪ್ರಕಾರ ಜನರ ಕೈಗೆ ಬಂದ ಅಸಲಿ ಗಾಡಿಯ ಬಣ್ಣ ಬದಲಾಗಿರಬೇಕು. ಹೊಸದಾಗಿ ಹಸಿರು ಮಿಂಚುತ್ತಿದ್ದರೆ ಅದೇ ಸಂಶಯಕ್ಕೆ ಕಾರಣ.

ಎರಡನೆಯದು ಮುಂದಿನ ಗ್ರಿಲ್. ಎರಡನೇ ಮಹಾಯುದ್ಧದ ವಿಲ್ಲೀಸ್ ಮತ್ತು ಫೋರ್ಡ್ ಜೀಪುಗಳಲ್ಲಿ ಸಾಮಾನ್ಯವಾಗಿ ಒಂಬತ್ತು ಸೀಳು. ಯುದ್ಧದ ನಂತರದ ಸಿವಿಲ್ ಮಾದರಿಗಳಲ್ಲಿ ಏಳು. ರೇಡಿಯೇಟರ್ ಕೆಳಗೆ ಚಾಸಿಯ ಅಡ್ಡಪಟ್ಟಿ ಗುಂಡು ಪೈಪಿನದಾದರೆ ವಿಲ್ಲೀಸ್, ಚಪ್ಪಟೆ ಮೈಯದಾದರೆ ಫೋರ್ಡ್. ಫೋರ್ಡ್ ಆದರೆ ಬೋಲ್ಟಿನ ತಲೆ ಮೇಲೂ ಎಫ್ ಅಕ್ಷರ ಇರುತ್ತದೆ. ಏಳು ಸೀಳಿನ ಮಹೀಂದ್ರ ಜೀಪನ್ನೂ ನಮ್ಮ ಸೈನ್ಯ ಬಳಸಿದೆ. ಜಬಲ್ಪುರದ ಕಾರ್ಖಾನೆಯಲ್ಲಿ ನಿಸ್ಸಾನ್ ಮಾದರಿಯಿಂದ ತಯಾರಾದ ಜೋಂಗಾ ಕೂಡ ಹರಾಜಿನಲ್ಲಿ ಜನರ ಕೈ ಸೇರಿದೆ. ಇಂಥವುಗಳಿಗೆ ಕಣ್ಣಿನ ಪರೀಕ್ಷೆ ಸಾಲದು; ಸೈನ್ಯದ ಹರಾಜಿನ ಕಾಗದ, ಚಾಸಿ ನಂಬರು, ಆರ್‌ಸಿ ಮೂರೂ ತಾಳೆಯಾಗಬೇಕು.

ಗಡಿಭಾಗದಲ್ಲಿ ಇನ್ನೊಂದು ತೊಡಕು. ಗಾಡಿ ಸೊಲ್ಲಾಪುರದ್ದು, ಕೊಳ್ಳುವವರು ವಿಜಯಪುರ, ಇಂಡಿ ಕಡೆಯ ಬೀಗರು. ಮೂಲ ಆರ್‌ಟಿಒದ ಎನ್‌ಒಸಿ ಇಲ್ಲದೆ ಆ ಕಡೆ ಹೆಸರು ಬದಲಾಗದು. "ಆಮೇಲೆ ಕೊಡ್ತೇನ್ರಿ" ಎಂಬ ಮಾತಿನ ಮೇಲೆ ವ್ಯವಹಾರ ಮಾಡಿದರೆ ದುಡ್ಡೂ ಹೋಯಿತು, ನೆಂಟಸ್ತಿಕೆಯೂ ಕೆಟ್ಟಿತು.

ಅಸಲಿ ಗಾಡಿ ಇದ್ದವರೂ ಎಚ್ಚರ ವಹಿಸಬೇಕು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ದಿನನಿತ್ಯದ ಓಡಾಟಕ್ಕೂ, ಬಾಡಿಗೆಗೂ ಅದನ್ನು ಬಳಸುವಂತಿಲ್ಲ. ಪೆಟ್ರೋಲ್ ಖರ್ಚಿಗೆ ಹೆದರಿ ಡೀಸೆಲ್ ಎಂಜಿನ್ ಕೂಡಿಸಿದವರಿಗೆ ಆ ಬಾಗಿಲು ಮುಚ್ಚಿದಂತೆಯೇ. ದುಡಿಯುವ ರೈತನಿಗೆ ಡೀಸೆಲ್ ಬೇಕಾಗಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಇನ್ನೂ ಮೂಲ ಎಂಜಿನ್ ಉಳಿದಿರುವ ಜೀಪು ದನದ ಕೊಟ್ಟಿಗೆ ಮಗ್ಗುಲಲ್ಲಿ ನಿಂತಿದ್ದರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಾನೆಟ್ ಎತ್ತಿ ನಂಬರು ನೋಡಲಿ.

ಕೊಳ್ಳುವವರು ಕಾಗದ ಕೇಳಲಿ, ಮಾರುವವರು ನಿಜ ಹೇಳಲಿ. ಕಾಗದ ತೋರಿಸಲು ಹಿಂಜರಿಯುವವನ ಗಾಡಿ ಎಷ್ಟೇ ಗಟ್ಟಿ ಇದ್ದರೂ ಬಿಟ್ಟು ಬರುವುದೇ ಲೇಸು.