ನಡೆಯುವ ಮನೆಯೋ, ಎಳೆಯುವ ಮನೆಯೋ?

ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವ ಪದ್ಧತಿಯನ್ನು ನಮ್ಮ ಧಾರವಾಡ, ಬೆಳಗಾವಿ ಸೀಮೆಗಳ ಸದ್ಭಕ್ತರು ಇಂದಿಗೂ ಬಿಟ್ಟಿಲ್ಲ. ಮನೆಮಂದಿಯೆಲ್ಲ ಒಂದೇ ಬಂಡಿಯಲ್ಲಿ. ರೊಟ್ಟಿಯ ಗಂಟು, ನೀರಿನ ಕೊಡ, ಹಾಸಿಗೆ, ಪೂಜಾಸಾಮಗ್ರಿ ಎಲ್ಲವೂ ಅದರಲ್ಲಿಯೇ. ಕತ್ತಲಾದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲಿನ ಒಲೆ ಹೂಡಿ, ಬೆಳಗಿನಲ್ಲಿ ಹಳ್ಳದ ದಂಡೆಯ ಮೇಲೆ ಲಿಂಗಪೂಜೆ ಮುಗಿಸಿ ಮತ್ತೆ ಮುಂದಕ್ಕೆ ಸಾಗುವುದು.

ಮಠದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ನಾನೂ ಒಮ್ಮೆ ಹಾಗೆ ಹೋದವನು. ನಮ್ಮ ಚಕ್ಕಡಿ ಹೊಡೆಯುತ್ತಿದ್ದ ಹಿರಿಯರು ಹೊರಡುವ ಮುನ್ನ, ಎತ್ತುಗಳನ್ನು ಹೂಡದೆಯೇ, ನೊಗವನ್ನು ಒಂದು ಕೈಯಿಂದ ಎತ್ತಿ ನೋಡುತ್ತಿದ್ದರು. ನೊಗ ತಾನಾಗಿಯೇ ಮೇಲಕ್ಕೆದ್ದರೆ ಹಿಂಭಾರ. ಕೊರಳ ಹಗ್ಗ ಬಿಗಿದು ಎತ್ತಿಗೆ ಉಸಿರು ಕಟ್ಟುವುದು. ಎತ್ತಲಾರದಷ್ಟು ಭಾರವಿದ್ದರೆ ಮುಂಭಾರ. ಎತ್ತಿನ ಹೆಗಲು ಹುಣ್ಣಾಗುವುದು. ಮೂಟೆಯೊಂದನ್ನು ಒಂದು ಮೊಳ ಹಿಂದಕ್ಕೋ ಮುಂದಕ್ಕೋ ಸರಿಸಿ, ಮತ್ತೆ ಎತ್ತಿ ನೋಡಿ, ಸಮಾಧಾನವಾದ ಮೇಲೆಯೇ ಅವರು ಎತ್ತು ಹೂಡುತ್ತಿದ್ದುದು. ಭಾರ ಎಷ್ಟೆಂಬುದರ ಜೊತೆಗೆ ಭಾರ ಎಲ್ಲಿದೆ ಎಂಬುದನ್ನೂ ನೋಡಬೇಕೆಂಬ ಆ ಪಾಠ, ಅರ್ಧ ಶತಮಾನದ ತರುವಾಯ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನನ್ನ ಉಪಯೋಗಕ್ಕೆ ಬಂದೀತೆಂದು ಯಾರು ತಿಳಿದಿದ್ದರು?

ಮಗಳ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆಯುವ ಸಂದರ್ಭ ಬಂದಿತ್ತು. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೆ ಕುಟುಂಬಸಮೇತ ಹೋಗಿ ಬರಬೇಕೆಂಬುದು ಮಕ್ಕಳ ಬಹುದಿನದ ಆಸೆ. ದಾರಿ ಒಂದು ಕಡೆಗೇ ಸುಮಾರು 3,000 ಕಿಲೋಮೀಟರು. ಹೋಗುವವರು ಆರು ಜನ: ಮಗಳು, ಅಳಿಯಂದಿರು, ಇಬ್ಬರು ಮೊಮ್ಮಕ್ಕಳು, ನಾನು ಹಾಗೂ ಅಳಿಯಂದಿರ ತಾಯಿ. ನಮ್ಮ ಬೀಗಿತ್ತಿಯವರಿಗೆ ಎಪ್ಪತ್ತಾರರ ವಯಸ್ಸು. ಮಂಡಿನೋವು, ಸಕ್ಕರೆಯ ಕಾಯಿಲೆ ಎರಡೂ ಉಂಟು. ಚಿಕ್ಕಂದಿನಿಂದ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ನೀರು ಹಾಕಿದವರಲ್ಲ. ಚಕ್ರಗಳ ಮೇಲಿನ ಮನೆಯೊಂದನ್ನು ಕೊಳ್ಳಬೇಕೆಂದು ಅಳಿಯಂದಿರು ನಿಶ್ಚಯಿಸಿದ್ದರು. ಯಾವ ಬಗೆಯದೆಂಬುದೇ ಮನೆಯಲ್ಲಿ ಹದಿನೈದು ದಿನಗಳ ಚರ್ಚೆಯಾಯಿತು.

ಇಂಥ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಂಜಿನ್ನೂ ಮನೆಯೂ ಒಂದೇ ಆಗಿರುವುದು ಮೋಟಾರ್‌ಹೋಮ್. ತಾನೇ ನಡೆಯುವ ಮನೆ. ಅದರಲ್ಲಿ ಬಸ್ಸಿನಷ್ಟು ದೊಡ್ಡದು, ವ್ಯಾನಿನಷ್ಟು ಚಿಕ್ಕದು ಹಾಗೂ ಚಾಲಕನ ತಲೆಯ ಮೇಲೆ ಅಟ್ಟದಂತೆ ಹಾಸಿಗೆಯುಳ್ಳ ಮಧ್ಯಮ ಗಾತ್ರದ್ದು ಎಂದು ಮೂರು ವರ್ಗಗಳುಂಟು. ಎರಡನೆಯದು ಟ್ರೇಲರ್, ಎಂಜಿನ್ ಇಲ್ಲದ ಮನೆ, ಕಾರಿನ ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವಂಥದು. ಎರಡರಲ್ಲಿಯೂ ಅಡುಗೆಯ ಒಲೆ, ಹಾಸಿಗೆ, ಶೌಚಾಲಯ, ನೀರಿನ ತೊಟ್ಟಿ ಇರುತ್ತವೆ. ಆದುದರಿಂದ ಭೇದವಿರುವುದು ಒಳಗಿನ ಅನುಕೂಲದಲ್ಲಲ್ಲ, ನಡೆಯುವ ರೀತಿಯಲ್ಲಿ.

ಅಳಿಯಂದಿರ ಒಲವು ಟ್ರೇಲರಿನ ಕಡೆಗಿತ್ತು. ಅದಕ್ಕೆ ಕಾರಣಗಳೂ ಸರಿಯಾದವೇ. ಬೆಲೆ ಕಡಿಮೆ, ಎಂಜಿನ್ ಇಲ್ಲದುದರಿಂದ ಅದರ ದುರಸ್ತಿಯ ಚಿಂತೆ ಇಲ್ಲ, ಬೀಡುಬಿಟ್ಟಲ್ಲಿ ಅದನ್ನು ಕಳಚಿ ನಿಲ್ಲಿಸಿ, ಕಾರಿನಲ್ಲಿ ಸುತ್ತಲ ಪ್ರದೇಶವನ್ನು ನೋಡಿ ಬರಬಹುದು. ಮೋಟಾರ್‌ಹೋಮಿನಲ್ಲಾದರೆ ಹಾಲು ತರಲು ಹೋಗಬೇಕಾದರೂ ಹಾಸಿಗೆ ಮಡಚಿ, ಪಾತ್ರೆ ಎತ್ತಿಟ್ಟು, ನೀರಿನ ಕೊಳವೆಯನ್ನೂ ವಿದ್ಯುತ್ತಿನ ತಂತಿಯನ್ನೂ ಬಿಚ್ಚಿ ಇಡೀ ಮನೆಯೇ ಹೊರಡಬೇಕು. ಈ ತೊಂದರೆಯನ್ನು ನೀಗಲೆಂದೇ ಅನೇಕರು ಅದರ ಹಿಂದೆ ಚಿಕ್ಕ ಕಾರೊಂದನ್ನು ಕಟ್ಟಿಕೊಂಡು ಹೋಗುವುದನ್ನು ಹೆದ್ದಾರಿಯಲ್ಲಿ ಕಂಡೆ.

ಮಾರಾಟದ ಅಂಗಳಕ್ಕೆ ಹೋದೆವು. ಸುಮಾರು ಇಪ್ಪತ್ತೈದು ಅಡಿಯ ಟ್ರೇಲರೊಂದನ್ನು ತೋರಿಸಿದ ಮಾರಾಟಗಾರ, "ನಿಮ್ಮ ಕಾರು 5,000 ಪೌಂಡು ಎಳೆಯಬಲ್ಲದು, ಇದು ತುಂಬಿದ ಮೇಲೆಯೂ ಅಷ್ಟೇ ಇರುತ್ತದೆ, ನಿಶ್ಚಿಂತೆಯಿಂದ ಕೊಂಡೊಯ್ಯಿರಿ" ಎಂದ. ಅವನ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ನನಗೆ ನೊಗ ಎತ್ತಿ ನೋಡುತ್ತಿದ್ದ ಹಿರಿಯರ ನೆನಪಾಯಿತು. "ಇದರ ಮೂಗಿನ ಭಾರ ಎಷ್ಟು, ಅದನ್ನು ಹೊರುವವರು ಯಾರು?" ಎಂದು ಕೇಳಿದೆ. ಅಳಿಯಂದಿರು ಎಂಜಿನಿಯರರು, ಒಡನೆಯೇ ಅರ್ಥಮಾಡಿಕೊಂಡು ಲೆಕ್ಕಕ್ಕೆ ಕುಳಿತರು.

ಆ ಲೆಕ್ಕವನ್ನು ಇಲ್ಲಿ ವಿವರವಾಗಿ ಕೊಡುವುದು ಅವಶ್ಯವೆನಿಸುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ, ಅಂದರೆ ಹಿಂಭಾರವಾದರೆ, ವೇಗದಲ್ಲಿ ಟ್ರೇಲರು ಹಾವಿನ ಬಾಲದಂತೆ ಅತ್ತಿತ್ತ ಬಡಿಯತೊಡಗಿ ಕಾರನ್ನೂ ಉರುಳಿಸಬಲ್ಲದು. ಈ ಕೊಂಡಿಯ ಭಾರವನ್ನು ಕಾರು ಬರಿದೆ ಎಳೆಯುವುದಲ್ಲ, ತನ್ನ ಮೈಮೇಲೆ ಹೊರಬೇಕು. ಕಾರು ಹೊರಬಲ್ಲ ಭಾರದ ಮಿತಿಯನ್ನು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ನಮ್ಮ ಕಾರಿನದು 635 ಕಿಲೋಗ್ರಾಮು. ಟ್ರೇಲರಿನ ತೂಕ 2,270 ಕಿಲೋ ಎಂದರೆ, ನೂರಕ್ಕೆ 12ರಂತೆ ಕೊಂಡಿಯ ಭಾರ 272 ಕಿಲೋ. ಆರು ಜನರ ತೂಕ ಒಟ್ಟು 370 ಕಿಲೋ. ಎರಡೂ ಸೇರಿ 642! ಒಂದು ಚೀಲವನ್ನೂ ಇಡುವ ಮುನ್ನವೇ ಮಿತಿ ಮೀರಿತ್ತು. ಎಳೆಯುವ ಶಕ್ತಿ ಇತ್ತು. ಹೊರುವ ಶಕ್ತಿ ಇರಲಿಲ್ಲ. ಆ ಟ್ರೇಲರು ಬೇಕಾದರೆ ದೊಡ್ಡ ಟ್ರಕ್ಕನ್ನೂ ಕೊಳ್ಳಬೇಕು. ಆಗ "ಬೆಲೆ ಕಡಿಮೆ" ಎಂಬ ಮಾತು ಎಲ್ಲಿ ಉಳಿಯಿತು?

ಇನ್ನು ಹಿರಿಯರ ವಿಚಾರ. ರಸ್ತೆಯಲ್ಲಿ ಸಾಗುವಾಗ ಟ್ರೇಲರಿನೊಳಗೆ ಜನ ಕುಳಿತಿರುವುದನ್ನು ಅಲ್ಲಿನ ಬಹುತೇಕ ರಾಜ್ಯಗಳ ಕಾನೂನು ನಿಷೇಧಿಸುತ್ತದೆ. ಆರು ಜನರೂ ದಿನವಿಡೀ ಕಾರಿನಲ್ಲಿಯೇ ಇಕ್ಕಟ್ಟಾಗಿ ಕುಳಿತಿರಬೇಕು. ಮೋಟಾರ್‌ಹೋಮಿನಲ್ಲಿಯೂ ಓಡುವಾಗ ಪಟ್ಟಿ ಕಟ್ಟಿಕೊಂಡೇ ಕುಳಿತಿರಬೇಕು. ಒಳಗೆ ಓಡಾಡುವುದು, ಮಲಗುವುದು ಅಪಾಯ. ಆದರೆ ಕಾಲು ಚಾಚಲು ಸ್ಥಳವಿರುತ್ತದೆ. ನಿಲ್ಲಿಸಿದೊಡನೆ ಹೊರಗಿಳಿಯದೆಯೇ ಎರಡು ಹೆಜ್ಜೆಯಲ್ಲಿ ಶೌಚಾಲಯ. ಸಕ್ಕರೆಯ ಕಾಯಿಲೆಯುಳ್ಳ ವೃದ್ಧರಿಗೆ ಇದೆಂಥ ಸೌಕರ್ಯವೆಂಬುದನ್ನು ತರುಣರು ಊಹಿಸಲಾರರು.

ಈ ಚರ್ಚೆಯ ನಡುವೆ ಬೀಗಿತ್ತಿಯವರು ಒಂದು ಸಂಜೆ, "ನನ್ನ ಸಲುವಾಗಿ ಇಷ್ಟೆಲ್ಲಾ ಯಾಕ್ರೀ ಬೀಗರ? ನಾ ಮನ್ಯಾಗ ಇರ್ತೀನಿ, ನೀವು ಹೋಗಿ ಬರ್ರಿ" ಎಂದರು. ಮಗಳು ಏನೂ ಹೇಳದೆ, ಮರುದಿನ ಅವರ ಕೈಹಿಡಿದು ಅದೇ ಅಂಗಳಕ್ಕೆ ಕರೆದುಕೊಂಡು ಹೋದಳು. "ಅತ್ತಿ, ನೀವು ಹತ್ತಿ ನೋಡ್ರಿ, ಕೂತು ನೋಡ್ರಿ. ನಿಮಗ ಯಾವುದು ಆಗ್ತದೋ ಅದೇ ನಮಗೂ ಆಗ್ತದ" ಎಂದಳು. ಆ ತಾಯಿ ಒಂದೊಂದಾಗಿ ಹತ್ತಿದರು, ಮಂಚದ ಎತ್ತರ ನೋಡಿದರು, ಶೌಚಾಲಯದ ಬಾಗಿಲು ಹಾಕಿ ತೆಗೆದು ನೋಡಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮುಂಜಾನೆ ಎಲ್ಲಾರೂ ಮಲಗಿದ್ದಾಗ ನಾ ಲಿಂಗಪೂಜಿಗೆ ಕೂಡೂದು ಎಲ್ಲಿ?" ಯಂತ್ರಗಳ ಗುಣದೋಷಗಳನ್ನು ತಾಸುಗಟ್ಟಲೆ ವಿವರಿಸಿದ್ದ ಮಾರಾಟಗಾರನಲ್ಲಿಯೂ, ಲೆಕ್ಕ ಹಾಕಿದ್ದ ನಮ್ಮಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ. ಊಟದ ಮೇಜನ್ನೇ ರಾತ್ರಿ ಹಾಸಿಗೆಯಾಗಿ ಮಾಡುವ ಮನೆಯಲ್ಲಿ, ಎಲ್ಲರಿಗಿಂತ ಮೊದಲು ಏಳುವವರಿಗೆ ಕೂಡಲು ಸ್ಥಳವೇ ಇರುವುದಿಲ್ಲ. ಅಂತೂ ಹಿಂಭಾಗದಲ್ಲಿ ಪ್ರತ್ಯೇಕ ಮಂಚವಿದ್ದು, ಅದರ ಮಗ್ಗುಲಿಗೆ ಬಾಗಿಲೆಳೆದುಕೊಳ್ಳಬಹುದಾದ ಮಧ್ಯಮ ವರ್ಗದ ಮೋಟಾರ್‌ಹೋಮೊಂದು ಅವರಿಗೆ ಒಪ್ಪಿಗೆಯಾಯಿತು.

ಅದನ್ನು ಕೊಂಡರೇ? ಇಲ್ಲ. ಅಂಥ ಹೊಸ ವಾಹನದ ಬೆಲೆ ಸುಮಾರು ಒಂದು ಲಕ್ಷ ಡಾಲರು. ಹದಿನೈದು ವರ್ಷಗಳ ಸಾಲ ಸುಲಭವಾಗಿ ದೊರೆಯುತ್ತಿತ್ತು. ಆದರೆ ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುವಿರಿ ಎಂದು ಕೇಳಿದಾಗ, ಗಂಡಹೆಂಡಿರಿಬ್ಬರೂ ರಜೆಗಳನ್ನು ಎಣಿಸಿ ಹದಿನೆಂಟು ಎಂದರು. ಉಳಿದ ದಿನಗಳಲ್ಲಿ ಅದು ಅಂಗಳದಲ್ಲಿ ನಿಂತಿರುವುದು, ವಿಮೆ ಕಟ್ಟುತ್ತಿರಬೇಕು, ಚಳಿಗಾಲದಲ್ಲಿ ಕೊಳವೆಯ ನೀರು ಹೆಪ್ಪುಗಟ್ಟಿ ಒಡೆಯದಂತೆ ಪ್ರತಿವರ್ಷ ನೀರನ್ನು ಬರಿದುಮಾಡಿ ಔಷಧಿ ಹಾಯಿಸಬೇಕು. ಗಾಲಿ ಇದ್ದ ಮಾತ್ರಕ್ಕೆ ಯಾವುದೂ ಜಂಗಮವಾಗದು. ಸಾಲದ ಕಂತು ಕಟ್ಟುತ್ತ ಅಂಗಳದಲ್ಲಿ ನಿಲ್ಲಿಸಿದ ಬಂಡಿ ಸ್ಥಾವರಕ್ಕಿಂತಲೂ ಸ್ಥಾವರ. ಕಾಯಕದಿಂದ ಬಂದ ಹಣವನ್ನು ತೋರಿಕೆಗೆ ಕಟ್ಟಿಹಾಕುವುದು ಶರಣಧರ್ಮವಲ್ಲವೆಂದು ನಾನು ಹೇಳಬೇಕಾಗಲಿಲ್ಲ, ಮಗಳೇ ಹೇಳಿದಳು. ಹನ್ನೆರಡು ದಿನಗಳಿಗೆ ಬಾಡಿಗೆಗೆ ತಂದರು.

ಪ್ರವಾಸದಲ್ಲಿ ಮೋಟಾರ್‌ಹೋಮಿನ ದೋಷವೂ ಗೊತ್ತಾಯಿತು. ಗ್ಲೇಸಿಯರ್ ಉದ್ಯಾನದ ಪ್ರಾಣವೆಂದರೆ ಪರ್ವತಗಳನ್ನು ಕೊರೆದು 1932ರಲ್ಲಿ ಪೂರ್ಣಗೊಳಿಸಿದ, ಸುಮಾರು 80 ಕಿಲೋಮೀಟರು ಉದ್ದದ ರಸ್ತೆ; 2,026 ಮೀಟರು ಎತ್ತರದ ಲೋಗನ್ ಕಣಿವೆಮಾರ್ಗವನ್ನು ಅದು ಹಾಯ್ದು ಹೋಗುತ್ತದೆ. ಅದರ ನಡುಭಾಗದಲ್ಲಿ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ವಾಹನಗಳಿಗೆ ಪ್ರವೇಶವಿಲ್ಲ. ನಮ್ಮದು 25 ಅಡಿ. ಟ್ರೇಲರು ತಂದವರು ಅದನ್ನು ಬೀಡಿನಲ್ಲಿ ಕಳಚಿಟ್ಟು ಕಾರಿನಲ್ಲಿ ನಗುತ್ತ ಹೊರಟುಹೋದರು. ನಾವು 1930ರ ದಶಕದ ಕೆಂಪು ಬಸ್ಸಿನಲ್ಲಿ ಸ್ಥಳ ಕಾಯ್ದಿರಿಸಿ ಹೋಗಿಬಂದೆವು. ಡೀಸೆಲ್ಲು, ಪೆಟ್ರೋಲುಗಳ ಖರ್ಚೂ ಹೆಚ್ಚೇ: ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ ಹೋಗಿ ಬರುವ 6,000 ಕಿಲೋಮೀಟರಿಗೆ 1,500 ಲೀಟರು.

ನೀರಿನ ವಿಚಾರದಲ್ಲಿ ಮಾತ್ರ ಎರಡು ಬಗೆಯ ಮನೆಗಳೂ ಸಮಾನ. ತೊಟ್ಟಿಯಲ್ಲಿರುವುದು ನೂರೈವತ್ತು ಲೀಟರಿನಷ್ಟು ನೀರು. ಬಳಸಿದ ನೀರೂ ಮಲಿನವೂ ಬೇರೆ ಬೇರೆ ತೊಟ್ಟಿಗಳಲ್ಲಿ ತುಂಬುತ್ತ ಹೋಗುತ್ತವೆ. ಅವನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಗೊತ್ತುಪಡಿಸಿದ ಸ್ಥಳದಲ್ಲಿಯೇ ಬರಿದುಮಾಡಬೇಕು. ಮೊದಲ ದಿನ ಮೊಮ್ಮಕ್ಕಳ ಸ್ನಾನಕ್ಕೇ ತೊಟ್ಟಿ ಅರ್ಧವಾಯಿತು. ಬೀಗಿತ್ತಿಯವರು ಎಂಟು ತಂಬಿಗೆ ನೀರಿನಲ್ಲಿ ಮಿಂದು, ಪೂಜೆ ಮುಗಿಸಿ, ಕರಡಿಗೆ ಧರಿಸಿ ಹೊರಗೆ ಬಂದಾಗ ಮಕ್ಕಳು ಬೆರಗಾದರು. ಮೂರನೆಯ ದಿನಕ್ಕೆ ಅವರೂ ತಂಬಿಗೆ ಹಿಡಿದರು. ಮನೆಯಲ್ಲಿಯೇ ಉಳಿಯುವೆನೆಂದವರು ಆ ಬೀಡಿಗೆ ಗುರುವಾದರು.

ಆದುದರಿಂದ ದೂರದೇಶದಲ್ಲಿರುವ ನಮ್ಮ ಕುಟುಂಬಗಳಿಗೆ ನನ್ನ ಅಭಿಪ್ರಾಯವನ್ನು ಹೀಗೆ ಹೇಳಬಹುದು. ಹತ್ತಿರದ ಸ್ಥಳಗಳಿಗೆ ಮೇಲಿಂದ ಮೇಲೆ ಹೋಗಿ, ಒಂದೆಡೆ ನಾಲ್ಕಾರು ದಿನ ತಂಗುವವರಿಗೆ ಚಿಕ್ಕ ಟ್ರೇಲರು ಲೇಸು. ಆದರೆ ಬಾಗಿಲಿನ ಚೀಟಿಯನ್ನು ಓದಿ, ಮನೆಮಂದಿಯನ್ನು ತೂಗಿದ ಮೇಲೆಯೇ ಕೊಳ್ಳಬೇಕು. ವೃದ್ಧರನ್ನು ಕರೆದುಕೊಂಡು ದಿನದಿನವೂ ಊರು ಬದಲಿಸುವವರಿಗೆ ಮೋಟಾರ್‌ಹೋಮ್ ಲೇಸು. ಆದರೆ ಮೊದಲು ಬಾಡಿಗೆಗೆ ತಂದು ನೋಡಬೇಕು. ಯಾವುದಾದರೂ ಆಗಲಿ, ವಿಷಾನಿಲವನ್ನು ಪತ್ತೆಹಚ್ಚಿ ಕೂಗುವ ಯಂತ್ರ ಸರಿಯಾಗಿದೆಯೇ ಎಂದು ನೋಡದೆ ಒಳಗೆ ಒಲೆ ಹಚ್ಚಿ ಮಲಗಬಾರದು.

ಇದು ಪರದೇಶದ ಮಾತೆಂದು ಇಲ್ಲಿಯ ಸದ್ಭಕ್ತರು ಪುಟ ಮಗುಚಬಾರದು. ಚಕ್ಕಡಿಯ ಸ್ಥಾನಕ್ಕೆ ನಮ್ಮಲ್ಲಿ ಬಂದಿರುವುದು ಟ್ರ್ಯಾಕ್ಟರಿನ ಟ್ರೇಲರು. ಜಾತ್ರೆಗೆ, ಮದುವೆಗೆ ಹೆಣ್ಣುಮಕ್ಕಳು ಕೂಸುಗಳನ್ನು ಅದರಲ್ಲಿ ತುಂಬಿಕೊಂಡು ರಾತ್ರಿಯಲ್ಲಿ ಹೊರಡುವುದನ್ನು ಕಾಣುತ್ತೇವೆ; ಉರುಳಿದ ಸುದ್ದಿಯನ್ನು ಮರುದಿನ ಓದುತ್ತೇವೆ. ಸರಕಿಗಾಗಿ ಮಾಡಿದ ಟ್ರೇಲರಿನಲ್ಲಿ ಜನರನ್ನು ಒಯ್ಯುವುದು ನಮ್ಮ ದೇಶದಲ್ಲಿಯೂ ಕಾನೂನಿಗೆ ವಿರುದ್ಧ. ಬಸ್ಸಿಗೆ ಕೊಡುವ ನಾಲ್ಕು ಕಾಸು ಉಳಿಸಲು ಹೋಗಿ ಮನೆಯ ದೀಪವನ್ನೇ ಕಳೆದುಕೊಳ್ಳಬಾರದು.

ಆ ಚಕ್ಕಡಿಯ ಹಿರಿಯರಿಗೆ ಓದು ಬರುತ್ತಿರಲಿಲ್ಲ. ಆದರೂ ನೊಗ ಎತ್ತಿ ನೋಡದೆ ಅವರು ಒಂದು ದಿನವೂ ಎತ್ತು ಹೂಡಲಿಲ್ಲ. ಮನೆಮಂದಿಯನ್ನು ಕರೆದುಕೊಂಡು ಹೊರಡುವವರು ಯಾವ ದೇಶದಲ್ಲಿರಲಿ, ಅಷ್ಟನ್ನು ಮಾಡಿ ಹೊರಡಲಿ.