ಜೈಲಿನ ಚೀಟಿ ಇಲ್ಲದ ಮಾಸ್ತರ್

ಹಟ್ಟಿ ಗಣಿಯಿಂದ ಒಂದು ಟನ್ ಕಲ್ಲು ಮೇಲೆ ಬಂದರೆ ಅದರಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಂ. ಆ ಕೆಲವು ಗ್ರಾಮಿಗೂ ಲೆಕ್ಕವಿದೆ, ಪುಸ್ತಕವಿದೆ, ಸಹಿಯಿದೆ, ಕಾವಲಿದೆ. ಇದೇ ಸೀಮೆಯಲ್ಲಿ ಹಗಲು ಪಾಟಿ ಮೇಲೆ ಅಕ್ಷರ ತಿದ್ದಿಸಿ, ರಾತ್ರಿ ನಿಜಾಮನ ಪೊಲೀಸರ ಕಣ್ಣು ತಪ್ಪಿಸಿ ಗಡಿ ದಾಟಿದ ಶಾಲಾ ಮಾಸ್ತರರ ಲೆಕ್ಕ ಯಾರ ಬಳಿ ಇದೆ?

ನಮ್ಮ ಬಳಿಯೂ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಪತ್ರಿಕೋದ್ಯಮ ಓದಿ ಊರಿಗೆ ಬಂದ ನಾವು ಸೆಪ್ಟೆಂಬರ್ 17 ಬಂದಾಗ ವೇದಿಕೆಯ ಮೇಲೆ ಕೂಡಿಸಿದ ಮುತ್ಯಾನಿಗೆ ಶಾಲು ಹೊದಿಸುವ ಫೋಟೊ ತೆಗೆದೆವು. ಹೆಸರಿನ ಮುಂದೆ 'ಸ್ವಾತಂತ್ರ್ಯ ಯೋಧ' ಎಂದು ಬರೆದೆವು. ನೀವು ಎಲ್ಲಿ ಓದಿದಿರಿ, ಏನು ಕಲಿಸಿದಿರಿ, ಯಾವ ದಾರಿಯಲ್ಲಿ ಹೋದಿರಿ, ಜೊತೆಗೆ ಯಾರಿದ್ದರು ಎಂದು ಕೇಳಲಿಲ್ಲ. 1948ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದು ಬದುಕಿದ್ದರೆ ನೂರರ ಹತ್ತಿರ. ಇನ್ನು ಕೇಳೋಣವೆಂದರೂ ಹೇಳುವವರು ಎಷ್ಟು ಜನ ಉಳಿದಿದ್ದಾರೆ?

ಮೊಬೈಲ್ ನೋಡುತ್ತಾ ಬೆಳೆದ ತಮ್ಮ ತಂಗಿಯರಿಗಾಗಿ ಒಂದಿಷ್ಟು ಹಿಂದಿನ ಮಾತು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು, ಲಿಂಗಸುಗೂರಿಗೆ ಬರಲಿಲ್ಲ. ಸಿಂಧನೂರಿಗೂ ಮಸ್ಕಿಗೂ ಹಟ್ಟಿಗೂ ಬರಲಿಲ್ಲ. ನಾವು ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದೆವು. ಇವತ್ತಿನ ಹಟ್ಟಿ ಚಿನ್ನದ ಗಣಿ ಕಂಪನಿಯೂ ಅದೇ 1947ರಲ್ಲಿ 'ಹೈದರಾಬಾದ್ ಗೋಲ್ಡ್ ಮೈನ್ಸ್' ಎಂಬ ಹೆಸರಿನಲ್ಲಿ ಹುಟ್ಟಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು, 17ರಂದು ನಿಜಾಮ ಸೋತ. ಹದಿಮೂರು ತಿಂಗಳು ತಡವಾಗಿ ನಮಗೆ ಬಿಡುಗಡೆ.

ಸೆಪ್ಟೆಂಬರ್ 17ರ ಭಾಷಣಗಳೆಲ್ಲ ಈ ಐದು ದಿನದ್ದೇ. ಸರ್ದಾರ್ ಪಟೇಲ್, ಸೇನೆ, ಟ್ಯಾಂಕು. ಐದು ದಿನದ ಹಿಂದೆ ಇಪ್ಪತ್ತೈದು ವರ್ಷಗಳ ಕೆಲಸ ಇತ್ತೆಂದು ಯಾರೂ ಹೇಳುವುದಿಲ್ಲ. ಅದು ನಡೆದದ್ದು ಶಾಲೆಗಳಲ್ಲಿ.

ನಿಜಾಮನ ಕಚೇರಿಯ ಭಾಷೆ ಉರ್ದು, ಮೇಲಿನ ಓದೂ ಉರ್ದುವಿನಲ್ಲೇ. ಸಾರ್ವಜನಿಕ ಸಭೆ ನಡೆಸಲು ಸರ್ಕಾರದ ಅಪ್ಪಣೆ ಬೇಕು. ಸಭೆ ಸೇರಲು ಬಿಡದ ರಾಜ್ಯದಲ್ಲಿ ನಾಲ್ಕು ಮಂದಿ ಕೂಡಿ ಕೂರುವ ಜಾಗ ಎಂದರೆ ಶಾಲೆ ಒಂದೇ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಎದ್ದಿತು. ಕುಕನೂರಿನಲ್ಲಿ 1922ರಲ್ಲಿ ವಿದ್ಯಾನಂದ ಗುರುಕುಲ ಬಂತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ಹಮ್‌ದರ್ದ್ ಎಂದರೆ ನೋವಿನಲ್ಲಿ ಜೊತೆಯಾಗುವವನು. ನಿಜಾಮನ ಆಡಳಿತವನ್ನು ಎದುರು ಹಾಕಿಕೊಂಡ ಮನುಷ್ಯ ತನ್ನ ಶಾಲೆಗೆ ಇಟ್ಟ ಹೆಸರು ಉರ್ದು ಹೆಸರು. ಅವರ ಜಗಳ ಭಾಷೆಯೊಂದಿಗೂ ಅಲ್ಲ, ಧರ್ಮದೊಂದಿಗೂ ಅಲ್ಲ. ಕಬೀರನ ಮೇಲೆ ನಾಟಕ ಬರೆದವರು ಅವರು. ಕೊನೆಗೆ ರಾಯಚೂರು ಬಿಡಬೇಕಾಯಿತು, ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಕಟ್ಟಿಕೊಂಡು ಇದ್ದರು. 1942ರಲ್ಲಿ ತೀರಿಕೊಂಡರು. ಬಿಡುಗಡೆ ನೋಡಲಿಲ್ಲ.

ಹೈದರಾಬಾದ್ ಹೋರಾಟದ ದೊಡ್ಡ ನಾಯಕ ಸ್ವಾಮಿ ರಮಾನಂದ ತೀರ್ಥರು ಯಾರು? ಕೃಷ್ಣೆಯ ಆಚೆಗಿರುವ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದವರು, ಹಿಪ್ಪರಗಾ ಮತ್ತು ಅಂಬಾಜೋಗಾಯಿಯ ಶಾಲೆಗಳಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ಮಾಸ್ತರರು. ಬಂದೂಕು ಹಿಡಿದ ಹುಡುಗರ ಶಿಬಿರಗಳು ಗಡಿಯಾಚೆ ಎದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ಕೊಪ್ಪಳ 1997ರ ತನಕ ನಮ್ಮ ರಾಯಚೂರು ಜಿಲ್ಲೆಯದೇ ಭಾಗ. ಹಾಗಾಗಿ ಇದೆಲ್ಲ ಬೇರೆಯವರ ಕಥೆ ಎಂದು ಕೈ ತೊಳೆದುಕೊಳ್ಳುವಂತಿಲ್ಲ.

ನಾಯಕರ ಹೆಸರು ಹೇಗೋ ಉಳಿಯಿತು. ಒಬ್ಬರ ಹೆಸರು ರಸ್ತೆಗೆ, ಒಬ್ಬರ ಹೆಸರು ಕಾಲೇಜಿಗೆ. ಹೋರಾಟ ಮುಗಿದ ಮರುದಿನ ಟೋಪಿ ತೆಗೆದಿಟ್ಟು ಶಾಲೆಗೆ ಮರಳಿದವನ ಗತಿ ಏನು? ಮೂವತ್ತು ವರ್ಷ ಮಗ್ಗಿ ಹೇಳಿಸಿದ, ವರ್ಗಾವಣೆಯಾದಲ್ಲೆಲ್ಲ ಬಾಡಿಗೆ ಮನೆ ಹಿಡಿದ, ನಿವೃತ್ತನಾದ. ಊರಿನ ಕಣ್ಣಿಗೆ ಅವನು ಬರೀ ಮಾಸ್ತರ್. ಸರ್ಕಾರದ ಕಣ್ಣಿಗೆ ಅವನು ಒಂದು ಅರ್ಜಿ.

ನಮ್ಮ ಸಿಟ್ಟು ಇರುವುದು ಆ ಅರ್ಜಿಯ ಮೇಲೆ. ಕೇಂದ್ರ ಸರ್ಕಾರ 1972ರಲ್ಲಿ ಹೋರಾಟಗಾರರ ಪಿಂಚಣಿ ತಂದಿತು, 1980ರಲ್ಲಿ ಅದನ್ನು ಹಿಗ್ಗಿಸಿ 'ಸ್ವತಂತ್ರತಾ ಸೈನಿಕ ಸಮ್ಮಾನ' ಎಂದು ಕರೆಯಿತು. ಹೆಸರಲ್ಲೇ ಸೈನಿಕನೂ ಇದ್ದಾನೆ, ಸಮ್ಮಾನವೂ ಇದೆ. ಸಿಗಬೇಕಾದರೆ ಆರು ತಿಂಗಳು ಜೈಲಿನಲ್ಲಿದ್ದೆ ಎಂಬ ಚೀಟಿ ಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ ಮೂರು ತಿಂಗಳು. ಜೈಲಿನ ದಾಖಲೆ ಸಿಗದಿದ್ದರೆ ಜೊತೆಗೆ ಸೆರೆಯಲ್ಲಿದ್ದವರ ಪ್ರಮಾಣಪತ್ರ. ಭೂಗತನಾಗಿದ್ದೆ ಎಂದರೆ ನಿನ್ನ ಮೇಲೆ ವಾರಂಟ್ ಇತ್ತೆಂದು ತೋರಿಸು, ನಿನ್ನ ತಲೆಗೆ ಬೆಲೆ ಕಟ್ಟಿದ್ದರೆಂದು ತೋರಿಸು.

ಸ್ವಲ್ಪ ಯೋಚಿಸಿ. ಪೊಲೀಸರ ಕೈಗೆ ಸಿಗದಿರುವುದೇ ಭೂಗತನ ಕೆಲಸ. ಚೆನ್ನಾಗಿ ಅಡಗಿದವನಿಗೆ ಚೀಟಿ ಇಲ್ಲ, ಹಿಡಿಸಿಕೊಂಡವನಿಗೆ ಚೀಟಿ ಇದೆ. ಇದ್ದ ವಾರಂಟಾದರೂ ಉರ್ದುವಿನಲ್ಲಿ, ಯಾವುದೋ ಕಚೇರಿಯ ಗಂಟಿನಲ್ಲಿ. 1956ರಲ್ಲಿ ಸಂಸ್ಥಾನ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಎಂಬತ್ತು ದಾಟಿದ ಮುದುಕ ಯಾವ ಊರಿನ ಯಾವ ಕಪಾಟು ಹುಡುಕಬೇಕು? ಬಾಳೆಲ್ಲ ಮಕ್ಕಳಿಗೆ ಶಾಲೆ ಬಿಟ್ಟ ಪ್ರಮಾಣಪತ್ರ ಬರೆದುಕೊಟ್ಟವನ ಕೈಯಲ್ಲಿ ತನ್ನದೇ ಪ್ರಮಾಣಪತ್ರ ಇಲ್ಲ!

ನ್ಯಾಯಾಲಯಕ್ಕೆ ಇದು ಅರ್ಥವಾಗಿತ್ತು. ತಡವಾಗಿ ಅರ್ಜಿ ಹಾಕಿದ್ದಕ್ಕೇ ಪಿಂಚಣಿ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಮುಕುಂದ ಲಾಲ್ ಭಂಡಾರಿ ಪ್ರಕರಣದಲ್ಲಿ ಹೇಳಿತು. ಕೊಲೆ ಮೊಕದ್ದಮೆಯಲ್ಲಿ ಕೇಳುವಂಥ ಪುರಾವೆಯನ್ನು ಹೋರಾಟಗಾರನಿಂದ ಕೇಳಬೇಡಿ ಎಂಬ ಅರ್ಥದ ಮಾತನ್ನು 2001ರಲ್ಲಿ ಗುರ್ದಿಯಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಇಷ್ಟು ಹೇಳಿಸಲು ಹೋರಾಟಗಾರರು ದಿಲ್ಲಿಯ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಬಿಗಿ ಇರದಿದ್ದರೆ ನಕಲಿಗಳು ನುಗ್ಗುತ್ತಾರೆ ಎನ್ನುತ್ತಾರೆ. ನುಗ್ಗಿದರಲ್ಲ! ಇದೇ ನಿಜಾಮನ ಸಂಸ್ಥಾನದಲ್ಲಿದ್ದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ನಕಲಿ ಹೋರಾಟಗಾರರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾಗದವನ್ನೇ ದೇವರು ಮಾಡಿದರೆ ಕಾಗದ ಮಾಡಿಸಬಲ್ಲವನೇ ಪೂಜಾರಿಯಾಗುತ್ತಾನೆ. ಊರಿಗೆ ಬಂದು, ಕಟ್ಟೆಯ ಮೇಲೆ ಕುಳಿತು, ನಾಲ್ಕು ಹಿರಿಯರನ್ನು ಕೇಳಿದ್ದರೆ ಅಸಲಿ ಯಾರು ನಕಲಿ ಯಾರು ಎಂದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತಿತ್ತು. (ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕ ತನ್ನ ಹೆಸರನ್ನೇ ಕೊರೆಸಿದ್ದ. ಆದರೂ 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಬೀಳುವ ತನಕ ಅದು ಲೋಕಕ್ಕೆ ಗೊತ್ತಾಗಲಿಲ್ಲ. ಚಕ್ರವರ್ತಿಯ ಪುರಾವೆಗೇ ಅಷ್ಟು ತಡವಾದರೆ ಮಾಸ್ತರನ ಪಾಡೇನು!)

ಇದೆಲ್ಲ ಹಳೇ ಮಾತು, ಬಿಡಿ ಎನ್ನುವವರಿಗೆ ಒಂದು ಮಾತು. ಕಂಡವರು ಸುಮ್ಮನಾದ ಜಾಗದಲ್ಲಿ ಕಾಣದವರು ಜೋರಾಗಿ ಮಾತಾಡುತ್ತಾರೆ. ಇವತ್ತು ಸೆಪ್ಟೆಂಬರ್ 17 ಬಂದರೆ ವಾಟ್ಸ್ಆ್ಯಪಿನಲ್ಲಿ ಹರಿದಾಡುವುದು ಹಿಂದೂ ಗೆದ್ದ, ಮುಸ್ಲಿಂ ಸೋತ ಎಂಬ ಕಥೆ. ರಜಾಕಾರರು ಊರು ಸುಟ್ಟದ್ದು ನಿಜ, ಜನರನ್ನು ಕೊಂದದ್ದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಸೇನೆ ಬಂದ ಮೇಲೆ ಹಳ್ಳಿಗಳಲ್ಲಿ ಏನೂ ತಪ್ಪು ಮಾಡದ ಮುಸ್ಲಿಮರ ಕೊಲೆಯಾದದ್ದೂ ಅಷ್ಟೇ ನಿಜ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಎಂದು ಅಂದಾಜು ಮಾಡಿತು. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ಕಬೀರನ ನಾಟಕ ಬರೆದ ಮಾಸ್ತರರ ನಾಡಿನಲ್ಲಿ ಈ ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮಗಿರಬೇಕು. ಇದೇ ಜಿಲ್ಲೆಯ ಹೆಂಬೆರಾಳಿನ ಶಾಂತರಸರೂ ಶಿಕ್ಷಕರೇ. ಉರ್ದುವನ್ನು ಎದೆಗಿಟ್ಟುಕೊಂಡೇ ಕನ್ನಡ ಬರೆದರು, 2006ರಲ್ಲಿ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಮ್ಮ ಸೀಮೆ ಇದ್ದದ್ದು ಹಾಗೆ.

ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ವಿಮೋಚನಾ ದಿನ ಉತ್ಸವವಾಯಿತು. ಹೆಸರು ಚೆಂದವೇ ಇದೆ. ಆದರೆ ಯಾರಿಂದ, ಯಾರು, ಹೇಗೆ ವಿಮೋಚನೆ ಪಡೆದರು ಎಂದು ಕೇಳುವ ಪದವೇ ಫ್ಲೆಕ್ಸಿನಿಂದ ಇಳಿದುಹೋಯಿತು. ಉತ್ಸವಕ್ಕೆ ಪೆಂಡಾಲ್ ಸಾಕು, ಮಾಸ್ತರ್ ಬೇಕಿಲ್ಲ. ಶಾಲೆಯಿಂದ ಶುರುವಾದ ಹೋರಾಟದ ಹಬ್ಬದ ದಿನ, ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಸಾಹೇಬರಿಗೆ ಕಾಯಿಸುತ್ತೇವೆ.

ಶಾಲು ಬೇಡ. ಎರಡು ಕೆಲಸ ಆಗಬೇಕು. ಹೋರಾಟಗಾರ ತೀರಿಕೊಂಡರೂ ಹೆಂಡತಿಗೆ ಆ ಪಿಂಚಣಿಯ ಹಕ್ಕಿದೆ. ನಿಮ್ಮ ಓಣಿಯಲ್ಲಿ ಅಂಥ ಅಜ್ಜಿ ಇದ್ದರೆ ಟ್ರಂಕಿನಲ್ಲಿರುವ ಹಳೇ ಕಾಗದ ತೆಗೆಸಿ ನೋಡಿ. ತಿರಸ್ಕಾರದ ಪತ್ರ ಇದ್ದರೂ ಬಿಸಾಡಬೇಡಿ, ಮೇಲೆ ಹೇಳಿದ ಎರಡು ತೀರ್ಪುಗಳ ಹೆಸರು ಹಿಡಿದು ವಕೀಲರನ್ನು ಕಾಣಿ.

ಎರಡನೆಯದು ನಿಮ್ಮೂರಿನ ಹಳೇ ಸರ್ಕಾರಿ ಶಾಲೆ. ನಿಜಾಮನ ಕಾಲದಲ್ಲೇ ಶುರುವಾದದ್ದಾದರೆ, ಆಗಿನ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ ಕಪಾಟಿನ ತಳದಲ್ಲಿ ಇರಬಹುದು, ಗೆದ್ದಲು ಬಿಟ್ಟಿದ್ದರೆ. ಯಾವ ಮಾಸ್ತರ್ ಯಾವ ತಿಂಗಳಿಂದ ಶಾಲೆಗೆ ಬರಲಿಲ್ಲ, ಮತ್ತೆ ಯಾವಾಗ ಬಂದ ಎಂಬುದು ಅದರಲ್ಲಿ ಸಿಕ್ಕೀತು. ಉರ್ದುವಿನಲ್ಲಿದ್ದರೆ ಓದುವವರಿಗಾಗಿ ಹೈದರಾಬಾದಿಗೆ ಹೋಗಬೇಕಿಲ್ಲ. ಪಕ್ಕದ ಓಣಿಯ ಉರ್ದು ಶಾಲೆಯ ಸರ್ ಅಥವಾ ಟೀಚರ್ ಓದುತ್ತಾರೆ. ಹೆಡ್‌ಮಾಸ್ತರರ ಅಪ್ಪಣೆ ಪಡೆದು, ಒಂದು ಭಾನುವಾರ ಅವರನ್ನು ಕರೆದುಕೊಂಡು ಹೋಗಿ, ಪುಟ ಪುಟವೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ.