ಅಧ್ಯಕ್ಷರ ಗಣಿತ

203ರಲ್ಲಿ ಮೂರನೇ ಎರಡು ಪಾಲು ಎಷ್ಟು? ನಮ್ಮ ಪೇಟೆಯ ಯಾವ ಅಂಗಡಿಕಾರನನ್ನು ಕೇಳಿದರೂ 135ಕ್ಕೆ ಮೇಲೊಂದು ಚೂರು ಎಂದಾನು. ಚೂರು ಮನುಷ್ಯ ಓಟು ಹಾಕಲಾರನಾದ್ದರಿಂದ 136 ಓಟು ಬೇಕು. 1954ರ ನವೆಂಬರ್ 27ರಂದು ದಕ್ಷಿಣ ಕೊರಿಯಾದ ಶಾಸನಸಭೆಯಲ್ಲಿ ಅಧ್ಯಕ್ಷ ಸಿಂಗ್ಮನ್ ರೀ ಅವರ ಸಂವಿಧಾನ ತಿದ್ದುಪಡಿಗೆ ಬಿದ್ದದ್ದು 135. ಮಸೂದೆ ಸೋತಿತೆಂದು ಪೀಠದಿಂದಲೇ ಸಾರಿದ್ದೂ ಆಯಿತು. ಎರಡು ದಿನ ಕಳೆದ ಮೇಲೆ ಹೊಸ ಗಣಿತ ಹುಟ್ಟಿತು: ಅರ್ಧಕ್ಕಿಂತ ಕಡಿಮೆಯ ಭಿನ್ನರಾಶಿಯನ್ನು ಬಿಟ್ಟುಬಿಡಬಹುದು, 135 ಸಾಕು, ಮಸೂದೆ ಗೆದ್ದಿದೆ! ತಕ್ಕಡಿಯಲ್ಲಿ ಇಷ್ಟು ಹೊಡೆದ ವ್ಯಾಪಾರಿಯನ್ನು ಯಾವ ಇನ್ಸ್‌ಪೆಕ್ಟರು ಸುಮ್ಮನೆ ಬಿಟ್ಟಾನು?

ತಿದ್ದುಪಡಿಯಲ್ಲಿ ಇದ್ದುದೇನು? ಒಬ್ಬನು ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷನಾಗಕೂಡದೆಂಬ ಕಟ್ಟು ದೇಶದ ಮೊದಲನೆಯ ಅಧ್ಯಕ್ಷನಿಗೆ ಅನ್ವಯಿಸದು. ಆ ಮೊದಲನೆಯ ಅಧ್ಯಕ್ಷರು ರೀ ಅವರೇ. ಒಬ್ಬನ ಮೈಯಳತೆಗೆ ಹೊಲಿದ ಅಂಗಿಗೆ ಸಂವಿಧಾನವೆಂದು ಹೆಸರಿಟ್ಟರು.

ಗಟ್ಟಿ ನಾಯಕ ಸಿಕ್ಕಿದರೆ ಸಾಕು, ಅವಧಿಯ ಲೆಕ್ಕ ಯಾಕೆ ಎನ್ನುವ ಮಹನೀಯರು ನಮ್ಮ ಪೇಟೆಯಲ್ಲೂ ಇದ್ದಾರೆ. ಮುಂದೆ ನಡೆದುದನ್ನು ಅವರು ಕೇಳಬೇಕು. 1956ರ ಚುನಾವಣೆಯಲ್ಲಿ ರೀ ಅವರ ಎದುರು ನಿಂತು 20 ಲಕ್ಷಕ್ಕೂ ಮಿಕ್ಕಿ ಓಟು ಪಡೆದವರು ಚೋ ಬೋಂಗ್-ಆಮ್, ಉತ್ತರದವರೊಡನೆ ಶಾಂತಿಯಿಂದ ಒಂದಾಗೋಣವೆಂದವರು. ಅವರನ್ನು ಗೂಢಚಾರನೆಂದು ಕರೆದು 1959ರಲ್ಲಿ ಗಲ್ಲಿಗೇರಿಸಿದರು. ಅಲ್ಲಿಯ ಸುಪ್ರೀಂ ಕೋರ್ಟು ಅವರನ್ನು ಆ ಆರೋಪದಿಂದ ಬಿಡುಗಡೆ ಮಾಡಿದ್ದು 2011ರಲ್ಲಿ. ಬಿಡುಗಡೆಯಾಗಿ ಎಲ್ಲಿಗೆ ಹೋಗಬೇಕು ಅವರು?

1960ರ ಫೆಬ್ರುವರಿ 28 ಭಾನುವಾರ. ಡೇಗು ನಗರದಲ್ಲಿ ವಿರೋಧ ಪಕ್ಷದ ಸಭೆ. ಹುಡುಗರು ಅತ್ತ ಸುಳಿಯದಿರಲೆಂದು ಅಂದೂ ಹೈಸ್ಕೂಲಿಗೆ ಬರಬೇಕೆಂಬ ಆಜ್ಞೆ ಹೊರಟಿತು. ನಾವೂ ಸೀಮೆಸುಣ್ಣ ಹಿಡಿದವರು. ಇಂಥ ಸುತ್ತೋಲೆಗೆ ರುಜು ಹಾಕುವ ಮೇಷ್ಟ್ರ ಮುಖ ಹೇಗಿರುತ್ತದೆಂದು ಬಲ್ಲೆವು. ಹುಡುಗರು ಶಾಲೆಗೆ ಬಂದರು. ಬಂದವರು ಒಟ್ಟಾಗಿ ಬೀದಿಗಿಳಿದರು.

ಮಾರ್ಚ್ 15ರಂದು ಚುನಾವಣೆ. ಎದುರಾಳಿ ಒಂದು ತಿಂಗಳ ಮುಂಚೆಯೇ ತೀರಿಕೊಂಡಿದ್ದರು, ರೀ ಗೆಲ್ಲುವುದರಲ್ಲಿ ಅನುಮಾನವಿರಲಿಲ್ಲ. ಆದರೂ ಪೆಟ್ಟಿಗೆಗೆ ಮೊದಲೇ ಓಟು ತುಂಬಿದರು. ಅಧ್ಯಕ್ಷರಿಗೆ 85 ತುಂಬುತ್ತಲಿತ್ತು, ಉಪಾಧ್ಯಕ್ಷನೂ ತಮ್ಮವನೇ ಆಗಬೇಕಿತ್ತು. ಮಸಾನ್ ಎಂಬ ಬಂದರು ಪಟ್ಟಣದ ಜನ ಇದೇನೆಂದು ಕೇಳಿದರು. ಪೊಲೀಸರು ಗುಂಡು ಹಾರಿಸಿದರು. ಏಪ್ರಿಲ್ 11ರಂದು ಕಿಮ್ ಜು-ಯುಲ್ ಎಂಬ ವಿದ್ಯಾರ್ಥಿಯ ಹೆಣ ಬಂದರಿನ ನೀರಿನಲ್ಲಿ ತೇಲಿ ಬಂತು. ಕಣ್ಣಿನಲ್ಲಿ ಅಶ್ರುವಾಯುವಿನ ಶೆಲ್ ನೆಟ್ಟಿತ್ತು.

ಆ ಮೇಲೆ ಯಾರೂ ಯಾರನ್ನೂ ಕರೆಯಬೇಕಾಗಲಿಲ್ಲ. ಏಪ್ರಿಲ್ 19ರಂದು ಸೋಲ್ ನಗರದ ವಿದ್ಯಾರ್ಥಿಗಳು ಅಧ್ಯಕ್ಷರ ಮನೆಯತ್ತ ನಡೆದರು. ಮತ್ತೆ ಗುಂಡು. ಆ ತಿಂಗಳುಗಳಲ್ಲಿ ಸತ್ತವರು ಒಟ್ಟು 180ಕ್ಕೂ ಮಿಕ್ಕಿ. 25ರಂದು ಇನ್ನೂರಕ್ಕೂ ಹೆಚ್ಚು ಪ್ರೊಫೆಸರರು ಬೀದಿಗೆ ಬಂದರು (ಹುಡುಗರು ಸತ್ತು ಆರು ದಿನವಾದ ಮೇಲೆ, ಆದರೂ ಬಂದರಲ್ಲ!). ಮರುದಿನವೇ ಅಧ್ಯಕ್ಷರ ರಾಜೀನಾಮೆ. ಮೇ ಕೊನೆಗೆ ಅವರು ಹವಾಯಿಗೆ ಹೊರಟುಹೋದರು.

ಆ ಕುರ್ಚಿ ಏರಿದವರು ಪಾಠ ಕಲಿತರೆಂದು ನಾವು ಹೇಳೆವು. 1961ರಲ್ಲಿ ಸೈನ್ಯದ ಬಲದಿಂದ ಅಧಿಕಾರ ಹಿಡಿದ ಪಾರ್ಕ್ ಚುಂಗ್-ಹೀ ಕೂಡ 1969ರಲ್ಲಿ ಮೂರನೆಯ ಅವಧಿಗಾಗಿ ಸಂವಿಧಾನ ತಿದ್ದಿಸಿದರು. ಜನ ಮಾತ್ರ ಮರೆಯಲಿಲ್ಲ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್-ಯೋಲ್ ಸೈನಿಕ ಕಾನೂನು ಸಾರಿದಾಗ ಜನ ಶಾಸನಸಭೆಯ ಬಾಗಿಲಿಗೆ ಓಡಿದರು, ಶಾಸಕರು ಗೋಡೆ ಹತ್ತಿ ಒಳನುಗ್ಗಿದರು. ಹಾಜರಿದ್ದವರು 190, ಆ ಕಾನೂನು ಬೇಡವೆಂದವರು 190.